ಪ್ರಮಾಣಪತ್ರಕ್ಕಿಂತ ಮೊದಲು ಸಹಿಯನ್ನು ನೋಡಿ

ಸಹಿ ಅಸಲಿ ಎನ್ನುವ, ಹೊಲೊಗ್ರಾಂ ಇರುವ ಪ್ರಮಾಣಪತ್ರ ಜೊತೆಗಿದ್ದರೆ ಕ್ರಿಕೆಟಿಗರ ಸಹಿಯುಳ್ಳ ಬ್ಯಾಟನ್ನು ನಿಶ್ಚಿಂತೆಯಿಂದ ಕೊಳ್ಳಬಹುದು ಎಂದು ಲೇಖನವೊಂದರಲ್ಲಿ ಓದಿದೆ; ಲೇಖಕರ ಆ ಮಾತನ್ನು ನಾನು ಒಪ್ಪಲಾರೆ. ಸಹಿಯನ್ನೇ ನಕಲು ಮಾಡಬಲ್ಲವರಿಗೆ ಪ್ರಮಾಣಪತ್ರ ಅಚ್ಚು ಹಾಕಿಸುವುದು ಇನ್ನೂ ಸುಲಭ; 1990ರ ದಶಕದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಆರಂಭಿಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆಯಲ್ಲಿ ನಕಲಿ ಸಹಿಗಳ ಜೊತೆಗೇ ನಕಲಿ ಪ್ರಮಾಣಪತ್ರಗಳೂ ಬಯಲಾದವು.

ತುಮಕೂರಿನ ನಮ್ಮ ಬಂಧುಗಳ ಮನೆಯಲ್ಲಿ 1983ರ ವಿಶ್ವಕಪ್ ತಂಡದ ಸಹಿಗಳಿವೆ ಎಂದು ಹೇಳಿ ಮಾರಿದ ಪುಟ್ಟ ಬ್ಯಾಟೊಂದಿದೆ, ಅದಕ್ಕೂ ಪ್ರಮಾಣಪತ್ರವಿದೆ. ಭೂತಗನ್ನಡಿ ಹಿಡಿದರೆ ಕಪಿಲ್ ದೇವ್, ಕಿರ್ಮಾನಿ, ಬಿನ್ನಿ ಎಲ್ಲರ ಗೆರೆಗಳೂ ಒಂದೇ ದಪ್ಪ, ಒಂದೇ ಬಣ್ಣ, ಒಳಗೆಲ್ಲ ಅಚ್ಚಿನ ಸಣ್ಣ ಚುಕ್ಕೆಗಳು. ಕೈಯಿಂದ ಹಾಕಿದ ಸಹಿಯಲ್ಲಿ ಒತ್ತಡ ಏರಿಳಿಯುತ್ತದೆ, ಗೆರೆಯ ಮೇಲೆ ಗೆರೆ ಹಾಯುವಲ್ಲಿ ಶಾಯಿ ಗಾಢವಾಗುತ್ತದೆ, ಬಣ್ಣ ಬಳಿಯದ ಮರದ ಮೇಲಾದರೆ ಎಳೆಗುಂಟ ತುಸು ಹರಡುತ್ತದೆ. ಇವುಗಳಲ್ಲಿ ಒಂದೂ ಅಲ್ಲಿ ಕಾಣುವುದಿಲ್ಲ.

ಕಾಲದ ಲೆಕ್ಕವನ್ನೂ ಹಾಕಬೇಕು. ಆ ತಂಡದಲ್ಲಿದ್ದ ಯಶ್‌ಪಾಲ್ ಶರ್ಮಾ 2021ರ ಜುಲೈನಲ್ಲಿ ನಿಧನರಾದರು; ಅದಾದ ಮೇಲಿನ ದಿನಾಂಕ ಹೇಳಿ ‘ಅಂದು ಇಡೀ ತಂಡ ಸಹಿ ಮಾಡಿತು’ ಎಂದು ಯಾರೇ ಹೇಳಿದರೂ ಆ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಬೆಲೆ ನಿಲ್ಲುವುದು ಸಹಿ ಎಲ್ಲಿ, ಯಾವಾಗ, ಯಾರ ಎದುರು ಹಾಕಿದ್ದು ಎಂಬುದರ ಮೇಲೆ. ಆದ್ದರಿಂದ ನಮ್ಮ ಜಿಲ್ಲೆಯ ಮನೆಗಳಲ್ಲಿ ಹಳೆಯ ನೋಟ್‌ಬುಕ್ಕಿನಲ್ಲಿ ಆಟಗಾರರ ಸಹಿ ಉಳಿದಿದ್ದರೆ ಅಂದಿನ ಟಿಕೆಟ್ಟು, ಫೋಟೊಗಳನ್ನು ಅದರ ಜೊತೆಗೇ ಇಡಿ, ಹಾಳೆಯನ್ನು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಾಗೆ ಮಾಡಿಸಿದರೆ ಶಾಯಿಯನ್ನು ಪರೀಕ್ಷಿಸುವುದೂ ಕಷ್ಟವಾಗುತ್ತದೆ, ಬೆಲೆಯೂ ಇಳಿಯುತ್ತದೆ.