ಸ್ಪಷ್ಟನೆ: ಸ್ನಾಯುತಂತುಗಳ ಸ್ವಭಾವ ಹುಟ್ಟಿನಲ್ಲೇ ಸ್ಥಿರವಾಗುವುದಿಲ್ಲ

ನಿಧಾನ ಮತ್ತು ವೇಗದ ಸ್ನಾಯುತಂತುಗಳ ಪ್ರಮಾಣ ಹುಟ್ಟಿನಲ್ಲೇ ನಿಗದಿಯಾಗಿರುವುದರಿಂದ ವ್ಯಾಯಾಮದಿಂದ ಚಯಾಪಚಯ ಬದಲಾಗದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ, ಇದನ್ನು ನಂಬಿ ಯಾರಾದರೂ ವ್ಯಾಯಾಮ ಬಿಟ್ಟರೆ ನಷ್ಟ ಅವರದೇ. ಆನುವಂಶಿಕತೆಯ ಪಾತ್ರ ದೊಡ್ಡದೇ, ಆದರೆ ತಂತುವಿನ ಸ್ವಭಾವವನ್ನು ಬಹುಮಟ್ಟಿಗೆ ನಿರ್ದೇಶಿಸುವುದು ಅದಕ್ಕೆ ಬರುವ ನರಸಂಕೇತ: 1960ರಲ್ಲಿ ಶರೀರಶಾಸ್ತ್ರಜ್ಞರಾದ ಬುಲ್ಲರ್ ಮತ್ತು ಎಕಲ್ಸ್ ಅವರ ತಂಡ ಬೆಕ್ಕುಗಳಲ್ಲಿ ಎರಡು ಬಗೆಯ ಸ್ನಾಯುಗಳ ನರಗಳನ್ನು ಅದಲುಬದಲು ಮಾಡಿ ಜೋಡಿಸಿದಾಗ, ನಿಧಾನದ ಸ್ನಾಯು ವೇಗವಾಗಿಯೂ ವೇಗದ್ದು ನಿಧಾನವಾಗಿಯೂ ಸಂಕುಚಿಸತೊಡಗಿದವು. ಸಂಕೇತ ದೀರ್ಘಕಾಲ ಮುಂದುವರಿದಾಗ ತಂತುವಿನೊಳಗೆ ಕ್ಯಾಲ್ಸಿಯಂ ಏರಿ, ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವದ ಮೂಲಕ ನಿಧಾನ ತಂತುವಿನ ಜೀನ್‌ಗಳು ಸಕ್ರಿಯವಾಗುತ್ತವೆ. ಮನುಷ್ಯರಲ್ಲಿ ತರಬೇತಿಯಿಂದ ಮುಖ್ಯವಾಗಿ 2ಎಕ್ಸ್ ತಂತುಗಳು (ಅತಿ ವೇಗದ, ಬೇಗ ದಣಿಯುವ ಬಗೆ) 2ಎ (ವೇಗದ್ದೇ ಆದರೂ ಹೆಚ್ಚು ಹೊತ್ತು ದಣಿಯದ ಬಗೆ) ಆಗುತ್ತವೆ. ವೇಗದ ತಂತು ಪೂರ್ತಿ ನಿಧಾನದ್ದಾಗುವುದು ಸೀಮಿತ. ಆದರೆ ಬಗೆ ಬದಲಾಗದ ತಂತುವಿನಲ್ಲೂ ಜೀವಕೋಶದ ಶಕ್ತಿ ಉತ್ಪಾದಕಗಳಾದ ಮೈಟೊಕಾಂಡ್ರಿಯಾ ಹೆಚ್ಚಿ, ಗ್ಲೂಕೋಸ್ ಹೀರಿಕೊಳ್ಳುವ ಮತ್ತು ಕೊಬ್ಬನ್ನು ಬಳಸುವ ಸಾಮರ್ಥ್ಯ ವೃದ್ಧಿಸುತ್ತದೆ.