ಹಚ್ಚೆ ಹಾಕಿಸಿಕೊಳ್ಳಿ, ಹಾಸ್ಟೆಲ್ ರೂಮಿನಲ್ಲಿ ಮಾತ್ರ ಬೇಡ

ಮಂಗಳೂರಿನ ಪಿಜಿ, ಹಾಸ್ಟೆಲ್ ರೂಮುಗಳಲ್ಲಿ ಕೂತು, ಹೊಲಿಗೆ ಸೂಜಿಗೆ ನೂಲು ಸುತ್ತಿ, ಪೆನ್ನಿನ ಶಾಯಿಯಲ್ಲಿ ಅದ್ದಿ ಒಬ್ಬರಿಗೊಬ್ಬರು ಹಚ್ಚೆ ಚುಚ್ಚಿಕೊಳ್ಳುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಬೇಡ. ಹಚ್ಚೆಯೇ ಬೇಡ ಅಂತಲ್ಲ. ನಾನೂ ಹಾಕಿಸಿಕೊಂಡಿದ್ದೇನೆ, ಅದೂ ಮೆಷಿನ್ ಇಲ್ಲದೆ. ಈಗ ಎಲ್ಲರೂ ಹ್ಯಾಂಡ್‌ಪೋಕ್ ಅನ್ನುತ್ತಾರಲ್ವಾ, ಅದೇ.

ಮುಂಗೈ ಮೇಲೆ ಒಂದು ಸಣ್ಣ ಬಂಗುಡೆ ಮೀನು. ಗುಂಯ್ ಅನ್ನುವ ಸದ್ದಿಲ್ಲ. ಒಂದು ಚುಕ್ಕಿ, ಅದರ ಪಕ್ಕ ಇನ್ನೊಂದು. ಸೂಜಿ ಹೊರಗೆ ಬರುವಾಗ ಚರ್ಮ ಟಿಕ್ ಅನ್ನುವುದು ಕೇಳುತ್ತದೆ. ನೋವಿತ್ತು, ತಡೆಯುವಷ್ಟು. ಮೆಷಿನ್‌ಗಿಂತ ತುಂಬಾ ಜಾಸ್ತಿ ಹೊತ್ತು ಹಿಡಿಯಿತು. ನನಗೆ ಇಷ್ಟವಾದದ್ದೇ ಆ ನಿಧಾನ.

ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಹಚ್ಚೆಯ ವಿದ್ಯುತ್ ಮೆಷಿನ್‌ಗೆ ಪೇಟೆಂಟ್ ಪಡೆದದ್ದು 1891ರಲ್ಲಿ. ಅಲ್ಲಿಯವರೆಗೆ ಎಲ್ಲಾ ಕಡೆ ಕೈಕೆಲಸವೇ. ನಮ್ಮ ಅಜ್ಜಿಯಂದಿರ ಕೈಮೇಲಿನ ಹಸಿರು ಚುಕ್ಕಿಗಳೂ ಹಾಗೇ ಬಂದವು. "ಅವರಿಗೆ ಏನೂ ಆಗಲಿಲ್ಲವಲ್ಲ" ಅಂತ ಕೆಲವರು ವಾದ ಮಾಡುತ್ತಾರೆ. ಒಂದೇ ಸೂಜಿ ಹತ್ತು ಕೈಗೆ ಚುಚ್ಚಿದಾಗ ಯಾರಿಗೆ ಏನು ಅಂಟಿತು ಅಂತ ಆಗ ನೋಡಿದವರು ಯಾರು? ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಉಳಿಯುತ್ತದೆ. ಲೈಟರ್ ಬೆಂಕಿಗೆ ಹಿಡಿದರೆ ಸೂಜಿಗೆ ಮಸಿ ಹತ್ತುತ್ತದೆ, ಅದನ್ನು ನಂಬಿ ಚುಚ್ಚುವ ಹಾಗಿಲ್ಲ. ಆಳದ ವಿಷಯವೂ ಇದೆ. ಶಾಯಿ ನಿಲ್ಲಬೇಕಾದದ್ದು ಚರ್ಮದ ಎರಡನೇ ಪದರದಲ್ಲಿ, ಒಂದೆರಡು ಮಿಲಿಮೀಟರ್ ಒಳಗೆ. ಮೇಲೇ ನಿಂತರೆ ಚರ್ಮದ ಜೊತೆ ಉದುರಿ ಹೋಗುತ್ತದೆ. ಇನ್ನೂ ಕೆಳಗೆ ಹೋದರೆ ಹರಡಿ ಮಸುಕಾಗುತ್ತದೆ. ಪೆನ್ನಿನ ಶಾಯಿಯನ್ನಂತೂ ಮಾಡಿದ್ದೇ ಕಾಗದಕ್ಕೆ.

ಕೆಲಸ ಬಲ್ಲವರ ಹತ್ತಿರ ಹೋಗಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಶಾಯಿಯನ್ನು ಹೊಸ ಪುಟ್ಟ ಕಪ್ಪಿಗೆ ಸುರಿದು, ಮಿಕ್ಕದ್ದನ್ನು ಎಸೆಯಬೇಕು. ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಆಮೇಲೆ ನಮ್ಮೂರಿನ ಸೆಖೆ, ಬೆವರು. ಗಾಯ ಒಣಗುವವರೆಗೆ, ಎರಡು ಮೂರು ವಾರ, ಪಣಂಬೂರು ಬೀಚ್, ತಣ್ಣೀರುಬಾವಿ ಬೀಚ್ ಅಂತ ನೀರಿಗೆ ಇಳಿಯಬೇಡಿ. ಈಜುಕೊಳವೂ ಬೇಡ. ಇನ್ನು, ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವ ಹಾಗಿಲ್ಲ. ಶಿಬಿರಕ್ಕೆ ಕರೆದ ಗೆಳೆಯರಿಗೆ ಈ ವರ್ಷ ಆಗುವುದಿಲ್ಲ ಅಂದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಈಗಾಗಲೇ ಚುಚ್ಚಿಕೊಂಡಾಗಿದೆ, ಅಲ್ಲಿ ಊದಿಕೊಂಡಿದೆ, ಕೀವು ಬಂದಿದೆ, ಜ್ವರ ಬಂದಿದೆ ಅಂದರೆ ಅರಿಶಿನ ಹಚ್ಚಿಕೊಂಡು ಕೂರಬೇಡಿ. ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡಬೇಡಿ. ಅದೇ ದಿನ ಡಾಕ್ಟರ್‌ಗೆ ತೋರಿಸಿ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ. ಒಬ್ಬರೇ ಹೋಗಲು ಹೆದರಿಕೆಯಾದರೆ ನನಗೆ ಮೆಸೇಜ್ ಮಾಡಿ, ನಾನು ಜೊತೆಗೆ ಬರುತ್ತೇನೆ.