ಊದಿದರೆ ಬರುವ ಸೌಂಡು

ನಿನ್ನೆ ಮಧ್ಯಾಹ್ನ ಮತ್ತೆ ನಮ್ಮ ಕಂಪ್ಯೂಟರ್‌ನ ಬಾಯಿ ಕಟ್ಟಿಹೋಯಿತು. ಪರದೆ ಮೇಲೆ ಹಾರ್ಮೋನಿಯಂ ಮೇಷ್ಟ್ರ ಬೆರಳು ಓಡುತ್ತಿದೆ, ಹಾಡುವವರು ಕೈ ಎತ್ತಿ ಬಾಯಿ ತೆರೆದಿದ್ದಾರೆ, ಸದ್ದೇ ಇಲ್ಲ. ಸ್ಪೀಕರ್ ಲೈಟು ಮಾತ್ರ ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ಉರಿಯುತ್ತಿದೆ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಊಟ ಆದ ಮೇಲೆ ಮಾವನಿಗೆ ರಂಗಗೀತೆ ಬೇಕೇಬೇಕು. ಊರು ಗುಬ್ಬಿ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರಿನವರು, ಕೇಳಬೇಕೇ! ಕಣ್ಣಿನ ಪೊರೆ ತೆಗೆಸಿದ ಮೇಲೆ ಫೋನ್ ಸಾಲದು, ದೊಡ್ಡ ಪರದೆಯೇ ಆಗಬೇಕು. "ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳೋ ಹಾಗೆ ಹಾಡ್ತಿದ್ರು ಕಣಮ್ಮ. ಇಷ್ಟೊಂದು ವೈರ್ ಇಟ್ಕೊಂಡು ಇದಕ್ಕೇನು ದಾಡಿ?" ಅಂತ ನನ್ನ ಮುಖ ನೋಡಿದರು.

ಸೌಂಡ್ ಕಮ್ಮಿಯಾಗಿದೆಯಾ ಅಂತ ನೋಡಲು ಈಗ ನಾಲ್ಕು ಕಡೆ ಹೋಗಬೇಕು. ವಿಡಿಯೋದಲ್ಲೊಂದು, ಕಂಪ್ಯೂಟರಿನ ವಾಲ್ಯೂಮ್ ಮಿಕ್ಸರ್‌ನಲ್ಲಿ ಬ್ರೌಸರ್‌ಗೊಂದು, ಸಿಸ್ಟಮ್‌ಗೊಂದು, ಸ್ಪೀಕರ್ ತಿರುಪು ಬೇರೆ. ನಾಲ್ಕನ್ನೂ ತುದಿಗೆ ಏರಿಸಿದೆ. ಟ್ರಬಲ್‌ಶೂಟರ್ ಓಡಿಸಿದೆ. ಅದು ತುಂಬಾ ಹೊತ್ತು ಯೋಚನೆ ಮಾಡಿದ ಹಾಗೆ ಮಾಡಿ, ಯಾವ ತೊಂದರೆಯೂ ಕಾಣಲಿಲ್ಲ ಅಂದಿತು. ಅಂಗಡಿಯವನಿಗೆ ಫೋನ್ ಮಾಡಿದರೆ "ಫಾರ್ಮ್ಯಾಟ್ ಹೊಡೀಬೇಕು ಮೇಡಂ". ಅವನಿಗೆ ಮೌಸಿನ ವೈರ್ ಇಲಿ ಕಡಿದರೂ ಫಾರ್ಮ್ಯಾಟೇ.

ಅಷ್ಟರಲ್ಲಿ ಮಾವ ಕುರ್ಚಿಯಿಂದ ಎದ್ದರು. ಊದುತ್ತಾರೆ ಅಂತ ನನಗೆ ಗೊತ್ತಾಯಿತು.

ಮಾವ ಊದದ ವಸ್ತು ನಮ್ಮ ಮನೆಯಲ್ಲಿಲ್ಲ. ರಿಮೋಟ್ ಒತ್ತಿದರೆ ಚಾನೆಲ್ ಬದಲಾಗದಿದ್ದರೆ ಸೆಲ್ ತೆಗೆದು ಊಫ್. ಗ್ಯಾಸ್ ಲೈಟರ್ ಕಿಡಿ ಬಿಡದಿದ್ದರೆ ಊಫ್. ಟಾರ್ಚು, ಮಿಕ್ಸಿ, ಬಿಪಿ ನೋಡುವ ಮೆಷಿನ್ನು. ಕ್ಯಾತ್ಸಂದ್ರದ ಬಿಸಿ ತಟ್ಟೆ ಇಡ್ಲಿಗೆ ಊದಿದರೆ ಒಪ್ಪೋಣ. ಮೊಮ್ಮಗಳ ಸಿಮ್ ಕಾರ್ಡಿಗೆ ಊದಿ, ಅದು ಹಾರಿ ಸೋಫಾ ಸಂದಿಗೆ ಬಿದ್ದು, ಇಡೀ ಭಾನುವಾರ ಸೋಫಾ ತಲೆಕೆಳಗಾಗಿ ಮಲಗಿತ್ತು. ಊದುವುದಕ್ಕೂ ಒಂದು ಕ್ರಮ ಇದೆ. ಮೊದಲು ಕನ್ನಡಕ ಹಣೆಗೆ. ಆಮೇಲೆ ಪಂಚೆ ತುದಿಯಲ್ಲಿ ಒರೆಸುವುದು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು. ಕೊನೆಗೆ ಕೆನ್ನೆ ಉಬ್ಬಿಸಿ ಎರಡು ಊದು, ಒಂದು ಉದ್ದ, ಒಂದು ಗಿಡ್ಡ.

ನಿನ್ನೆಯೂ ಅಷ್ಟೇ. ಸಿಪಿಯು ಹಿಂದೆ ಬಗ್ಗಿ ಹಸಿರು ತೂತಿನಿಂದ ಪಿನ್ ಕಿತ್ತರು. ಒರೆಸಿದರು. ನೋಡಿದರು. ಊದಿದರು. ಚುಚ್ಚಿದರು.

"ಮಂಡಿ ನೋವೇ?!"

ಮನೆ ಅದುರಿತು. ಹಾಡಿನ ಮಧ್ಯೆ ಜಾಹೀರಾತು ನುಗ್ಗಿತ್ತು, ನಾಲ್ಕು ಕಡೆಯೂ ಸೌಂಡ್ ತುದಿಯಲ್ಲೇ ಇತ್ತು. ನನ್ನ ಕೈಗೆ ಮೌಸ್ ಸಿಗುವಷ್ಟರಲ್ಲಿ ಎಣ್ಣೆಯ ಗುಣ, ಬೆಲೆ, ಫೋನ್ ನಂಬರ್ ಎಲ್ಲ ಎಸ್.ಎಸ್. ಪುರಂನ ನಮ್ಮ ಬೀದಿಗೆಲ್ಲ ಹಂಚಿಹೋಗಿತ್ತು. ಯಾರೋ ಎಣ್ಣೆ ಮಾರಲು ಬಂದರು ಅಂತ ಕೆಳಗಿನ ಮನೆಯ ಅಜ್ಜಿ ಗೇಟಿನ ತನಕ ಬಂದು ನೋಡಿದರಂತೆ.

ಮಾವ "ನೋಡಿದ್ಯಾ?" ಅಂದು ಕನ್ನಡಕ ಇಳಿಸಿಕೊಂಡರು.

ಊದಿದ್ದಕ್ಕೆ ಬಂದಿದ್ದಲ್ಲ ಸ್ವಾಮಿ! ಹಳೇ ಮಾನಿಟರ್‌ಗೆ ಇದ್ದ ವಿಜಿಎ ಕೇಬಲ್, ಅದೇ ಎರಡು ತಿರುಪಿನ ನೀಲಿ ಮೂತಿಯದ್ದು, ಬರೀ ಚಿತ್ರ ಹೊರುತ್ತಿತ್ತು. ಹೊಸದರ ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ, ಸದ್ದು ಎರಡೂ ಹೋಗುತ್ತವೆ. ಮಾನಿಟರ್ ನಿದ್ದೆಯಿಂದ ಎದ್ದಾಗ ನಮ್ಮ ಕಂಪ್ಯೂಟರ್ ಯಾರೋ ಹೊಸಬರು ಬಂದರು ಅಂದುಕೊಂಡು ಸದ್ದನ್ನೆಲ್ಲ ಅದಕ್ಕೇ ಬಡಿಸುತ್ತದೆ. ಅದರಲ್ಲಿ ಸ್ಪೀಕರ್ರೇ ಇಲ್ಲ, ಇಯರ್‌ಫೋನ್ ತೂತು ಇದೆ ಅಷ್ಟೆ. ಹಸಿರು ಪಿನ್ ಕಿತ್ತು ಚುಚ್ಚಿದರೆ ಒಳಗಿನ ಸ್ವಿಚ್ ಸುಳಿವು ಕೊಡುತ್ತದೆ, ಸದ್ದು ಸ್ಪೀಕರ್‌ಗೆ ವಾಪಸ್. ಗಾಳಿಗೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಇಷ್ಟು ಹೇಳುವಷ್ಟರಲ್ಲಿ ನಮ್ಮವರು ಅವರಕ್ಕನಿಗೆ ಫೋನ್ ಹಚ್ಚಿ "ಅಪ್ಪ ಊದಿದ್ರು, ಸರಿಹೋಯ್ತು" ಅಂತ ವರದಿ ಕೊಟ್ಟಾಗಿತ್ತು.

ಗುಬ್ಬಿ ಮನೆಯ ಅಟ್ಟದಲ್ಲಿ ಮಾವನ ವಾಲ್ವ್ ರೇಡಿಯೋ ಇನ್ನೂ ಇದೆ. ಹಿಂದಿನ ರಟ್ಟು ಬಿಚ್ಚಿದರೆ ವಾಲ್ವುಗಳು ಕೆಂಪಗೆ ಉರಿಯುವುದು ಕಾಣುತ್ತಿತ್ತಂತೆ. ಉರಿಯದೇ ಇದ್ದದ್ದು ಹೋಗಿದೆ ಅಂತ ಲೆಕ್ಕ. ಸಂಜೆ ವಾರ್ತೆಗೆ ಬೀದಿಯವರು ಜಗಲಿಗೆ ಬಂದು ಕೂರುತ್ತಿದ್ದರು. ಕರಕರ ಶುರುವಾದರೆ ಎಲ್ಲರೂ ಇವರ ಕಡೆ ತಿರುಗುತ್ತಿದ್ದರು. ಈಗ ಮನೆಯಲ್ಲಿ ಏನು ಕೆಟ್ಟರೂ ಅವರ ಕಡೆ ಯಾರೂ ತಿರುಗುವುದಿಲ್ಲ. ಪಾಪ ಅನ್ನಿಸುತ್ತದೆ. ಹಾಗಂತ ಗಾಳಿಗೆ ಕ್ರೆಡಿಟ್ ಕೊಡಲು ಆಗುತ್ತಾ?

ರಾತ್ರಿ ಸೌಂಡ್ ಸೆಟ್ಟಿಂಗ್‌ಗೆ ಹೋಗಿ, ಔಟ್‌ಪುಟ್ ಪಟ್ಟಿಯಲ್ಲಿದ್ದ ಮಾನಿಟರ್ ಅನ್ನು ಡಿಸೇಬಲ್ ಮಾಡಿದೆ. ಇವತ್ತು ಮಾನಿಟರ್ ಎದ್ದ ಕೂಡಲೇ ಹಾರ್ಮೋನಿಯಂ ಸದ್ದು ಬಂತು. ಮಾವ ವಿಡಿಯೋ ನಿಲ್ಲಿಸಿದರು. ಪಿನ್ ಕಿತ್ತರು, ಒರೆಸಿದರು, ಊದಿದರು, ಚುಚ್ಚಿದರು, ಮತ್ತೆ ಶುರುಮಾಡಿದರು. "ಹೋಗೋಕೆ ಮುಂಚೇನೇ ಊದಿಬಿಟ್ರೆ ಒಳ್ಳೇದಲ್ವಾ?"

ಈಗ ಕೆಳಗಿನ ಮನೆಯ ಟಿವಿಗೆ ಸೌಂಡ್ ಬರುತ್ತಿಲ್ಲವಂತೆ. ಅವರ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ. "ಬಾ ಪುಟ್ಟ, ಸೆಟ್ಟಿಂಗ್ ನೋಡೋಣ" ಅಂತ ನಾನು ಎದ್ದರೆ, "ನೀವು ಬೇಡ ಆಂಟಿ, ತಾತನ್ನ ಕಳಿಸಿ" ಅಂದ.